ಟ್ಯಾಂಕಿನೊಳಗಿನ ಬೆಸುಗೆ

ಸಾಗರ, ೧೨-೬-೧೯೬೭

ಹೊಸನಗರದ ಹಾಲಮ್ಮನಿಗೆ,

ನಿನ್ನ ಗಂಡ ಹೂವಪ್ಪ ಇವತ್ತು ನನ್ನ ವರ್ಕ್‌ಶಾಪಿನಲ್ಲಿ ತೀರಿಕೊಂಡ. ಅಲ್ಯುಮಿನಿಯಂ ಟ್ಯಾಂಕಿನೊಳಗೆ ಕೂತು ಆರ್ಗಾನ್ ಗ್ಯಾಸಿನ ವೆಲ್ಡಿಂಗ್ ಮಾಡುತ್ತಿದ್ದ. ಗಾಳಿ ಬಡಿದರೆ ಗ್ಯಾಸ್ ಚದುರಿ ಬೆಸುಗೆಯಲ್ಲಿ ತೂತು ಬೀಳುತ್ತದೆಂದು ನಾನೇ ಫ್ಯಾನ್ ನಿಲ್ಲಿಸಿದ್ದೆ. ಆ ಗ್ಯಾಸಿಗೆ ವಾಸನೆಯಿಲ್ಲ. ಉಸಿರಾಡುವ ಗಾಳಿಯನ್ನೆಲ್ಲ ಹೊರಗೆ ತಳ್ಳಿಬಿಡುತ್ತದೆ.

“ಸಾವ್ಕಾರ್ರೇ, ತಲೆ ತಿರುಗ್ತದೆ, ಹೊರಗ್ ಬರ್ಲಾ?” ಎಂದು ಒಳಗಿನಿಂದ ಕೂಗಿದ.

“ಆ ಗೆರೆ ಮುಗಿಸ್ಕೊಂಡೇ ಬಾರೋ,” ಎಂದೆ.

ಮುಗಿಸಿದ್ದಾನೆ. ಚೊಕ್ಕ ಕೆಲಸ, ಎಲ್ಲೂ ತೂತಿಲ್ಲ.

ಈ ಪತ್ರ ತಂದ ಲಾರಿಯಲ್ಲೇ ಹೆಣವಿದೆ, ಇಳಿಸಿಕೊಳ್ಳಿ. ಟ್ಯಾಂಕಿನ ಇನ್ನೊಂದು ಬದಿ ಬಾಕಿಯಿದೆ. ಮಣ್ಣು ಮುಗಿಸಿ ನಿನ್ನ ಮೈದುನ ಧರ್ಮಪ್ಪ ಅದೇ ಲಾರಿಯಲ್ಲಿ ಕೆಲಸಕ್ಕೆ ಬರಲಿ. ಮುಖವಾಡ, ಕೈಗವಸು ತರಬೇಕಿಲ್ಲ. ಹೂವಪ್ಪನವು ಇಲ್ಲಿವೆ.

ಇಂತಿ,
ಮಂಜುನಾಥಪ್ಪ