ಖಾಲಿ ಬಿಟ್ಟ ಗಣಿ ತನಿಖಾಧಿಕಾರಿ

ಡೆಲ್ಫಿನಾ ಅತ್ತಿಗೆಗೆ ವಂದನೆ. ನನ್ನ ಕೆಮ್ಮು ತಗ್ಗಿದೆ. ಇನ್ನೂ ಮೂರು ವಾರ ಚಿಕಿತ್ಸೆ ಇದೆಯಂತೆ.

ಇವತ್ತು ಇಲ್ಲೇ ಫೀನಿಕ್ಸಿನಲ್ಲಿ, ಮಗಳ ಮನೆ ಹತ್ತಿರದ ಚರ್ಚಿನಲ್ಲಿ ಮತ ಹಾಕಿದೆ. ನನ್ನ ಮುಂದಿದ್ದ ಹೆಂಗಸು ಮತಪತ್ರವನ್ನು ಯಂತ್ರಕ್ಕೆ ಹಾಕಲು ನಿಂತು ಗೆಳತಿಗೆ ಹೇಳಿದಳು: "ಗವರ್ನರಿಗೆ ಹಾಕ್ದೆ ಕಣೇ. ಗಣಿ ತನಿಖಾಧಿಕಾರಿನೂ ನಾವೇ ಆರಿಸ್ಬೇಕಂತೆ, ಯಾರಿಗೆ ಬೇಕು? ಖಾಲಿ ಬಿಟ್ಟೆ."

ನನಗೆ ಮೈ ಉರಿಯಿತು. "ನನಗೆ ಬೇಕಮ್ಮ! ಸುರಂಗದ ಚಾವಣಿ ಬಿರಿದಿದೆ ಅಂತ ನಮ್ಮಣ್ಣ ಮೂರು ದಿನ ಬಡ್ಕೊಂಡ. ಮಾಲೀಕ ಕೇಳ್ಲಿಲ್ಲ. ನಾಲ್ಕನೇ ದಿನ ಅವನ ಹೆಣ ಅಗೆದು ತೆಗೆದ್ವಿ," ಎಂದು ಕೂಗಿಬಿಟ್ಟೆ.

ಮತಗಟ್ಟೆಯವನು ಓಡಿ ಬಂದ. "ತಾತಾ, ಇಲ್ಲಿ ಪ್ರಚಾರ ಮಾಡಂಗಿಲ್ಲ."

"ಯಾರ ಹೆಸರು ಹೇಳ್ದೆನಯ್ಯಾ? ನಮ್ಮಣ್ಣನ ಹೆಸರೂ ಹೇಳಿಲ್ಲ."

ಆಗ ಆ ಹೆಂಗಸು ಮೆಲ್ಲಗೆ, "ಅವರ ಹೆಸರೇನು ತಾತಾ?" ಎಂದಳು.

"ಬಸಿಲಿಯೊ," ಎಂದೆ.

ಅವಳು ಮತಪತ್ರ ಹಿಡಿದು ಮತ್ತೆ ಮರೆಗೆ ಹೋದಳು. ಬಹಳ ಹೊತ್ತು ಓದಿ ಗುರುತು ಹಾಕಿ ಬಂದಳು. ಯಾರಿಗೆ ಹಾಕಿದಳೋ ನಾನು ಕೇಳಲಿಲ್ಲ. ನನ್ನ ಮತ ಹಾಕಿ, ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟೆ ಅತ್ತಿಗೆ. ಅಣ್ಣನ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷವಾಗಿತ್ತು.

ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.

ನಿಮ್ಮ ಮೈದುನ,
ಹಿಲಾರಿಯೊ