ಸಾಂಬ್ರಾದಲ್ಲಿ ವಿಮಾನ ತಂಗುತ್ತಿದ್ದ ದಿನಗಳು

ಪ್ರೀತಿಯ ಗುರುಲಿಂಗಪ್ಪ ಕಾಕಾ,

ನಿಮ್ಮ ಮನೆಯ ರೀತಿಯಲ್ಲಿ ಶರಣು, ನಮ್ಮ ಮನೆಯ ರೀತಿಯಲ್ಲಿ ಜೈ ಜಿನೇಂದ್ರ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಶೋಭಾ ಕಾಕು ನಗುತ್ತಿದ್ದರು.

ಚೆನ್ನೈನ ನನ್ನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ನನಗೆ ಹಾರಾಟವಿಲ್ಲ. ಫೋನು ಮಾಡಬಹುದಿತ್ತು. ಆದರೆ ನೀವು "ಆರಾಮ ಅದೀನವಾ, ನೀ ಆರಾಮ ಅದಿಯಿಲ್ಲೋ?" ಎಂದು ಕೇಳಿ, ನಾನು ಹೂಂ ಅನ್ನುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಇದು ಅಷ್ಟರಲ್ಲಿ ಮುಗಿಯುವ ಮಾತಲ್ಲ. ನಿನ್ನೆ ಕಂಪನಿಯ ಮುಖ್ಯ ಕಚೇರಿಯಲ್ಲಿ ನನಗೊಂದು ವಿಷಯ ಗೊತ್ತಾಯಿತು. ನೀವು ಮುಚ್ಚಿಟ್ಟಿದ್ದ ವಿಷಯ. ಅದನ್ನು ನಿಮ್ಮ ಮುಂದೆ ಹೇಳುವ ಮೊದಲು, ಹಿಂದಿನದನ್ನೆಲ್ಲ ಒಮ್ಮೆ ನಿಮ್ಮ ಜೊತೆ ನೆನೆಯಬೇಕು ಅನಿಸಿದೆ.

ಹೈದರಾಬಾದಿನಲ್ಲಿ ನಾನು ಹೊಸದಾಗಿ ಸಹಪೈಲಟ್ ಆಗಿ ಸೇರಿದ್ದೆ. ಆ ಮುಂಜಾನೆ ನಿಮ್ಮ ಬಲಗಡೆ ಕೂತಿದ್ದೆ. ನೀವು ಯಾರೋ ದೊಡ್ಡ ಕ್ಯಾಪ್ಟನ್, ವಾಯುಪಡೆಯಲ್ಲಿ ಸರಕು ವಿಮಾನ ಹಾರಿಸಿ ಬಂದವರು ಎಂದಷ್ಟೇ ಗೊತ್ತಿತ್ತು. ಕೈಯಿಂದ ಪೆನ್ನು ಜಾರಿ ಕೆಳಗೆ ಬಿತ್ತು. ಬಾಯಿಂದ "ಅಯ್ಯ, ಇದರವ್ವನ" ಎಂದು ಬಂದುಬಿಟ್ಟಿತು. ನೀವು ಗಾಜಿನಿಂದ ಮುಖ ತಿರುಗಿಸದೆ ಕೇಳಿದಿರಿ, "ಯಾವೂರವ್ವ ನೀ?"

"ಮೂಡಲಗಿ ರಿ, ಸರ್."

"ಯಾರ ಪೈಕಿ?"

"ಅರಿವಿ ಅಂಗಡಿ ಸಮ್ಮೇದ ಅವರ ಮಗಳ್ರಿ."

"ನಂದು ಹುಕ್ಕೇರಿ. ಇನ್ನ ಸರ್ ಬ್ಯಾಡ. ವಿಮಾನದಾಗ ಕ್ಯಾಪ್ಟನ್ ಅನ್ನು, ಹೊರಗ ಕಾಕಾ ಅನ್ನು."

ಅಂದಿನಿಂದ ನೀವು ಕಾಕಾ ಆದಿರಿ. ಆಮೇಲೆ ಒಂದೊಂದಾಗಿ ನಿಮ್ಮ ಕಥೆ ತಿಳಿಯಿತು. ಕಾಕು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಹೂವಿನ ಬೇಸಾಯ ಕಲಿಸುತ್ತಿದ್ದರು. ನೀವು ಜೋರಹಾಟ, ಆಗ್ರಾ, ಚಂಡೀಗಡ ಎಂದು ತಿರುಗುತ್ತಲೇ ಇದ್ದಿರಿ. ಮಕ್ಕಳಾಗಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ನೀವಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ರಜೆಯಲ್ಲಿ ಮಾತ್ರ. ವಾಯುಪಡೆ ಬಿಟ್ಟು ಕಡಿಮೆ ಟಿಕೆಟ್ಟಿನ ಈ ಹೊಸ ಕಂಪನಿಗೆ ಸೇರಿದ್ದೇ, ಎಂದಾದರೂ ಊರ ಹತ್ತಿರ ಹಾರಬಹುದು ಎಂಬ ಆಸೆಯಿಂದ.

ಕಂಪನಿ ತನ್ನ ಪೈಲಟ್‌ಗಳನ್ನು ಯಾವ ಊರಿನಲ್ಲಿ ಇರಿಸುತ್ತದೆ, ಅದನ್ನು ಹೇಗೆ ನಿರ್ಧರಿಸುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವರು ನೀವೇ. ಹೆಚ್ಚು ಪ್ರಯಾಣಿಕರಿರುವ ಊರೇ ಬೇಸ್ ಆಗುತ್ತದೆ ಎಂದುಕೊಂಡಿದ್ದೆ. ನೀವು ನಕ್ಕಿರಿ. "ಮಂದಿ ಇದ್ದಲ್ಲಿಗೆ ವಿಮಾನ ಹೊಕ್ಕೈತಿ, ಖರೆ. ಆದ್ರ ಪೈಲಟ್ ಎಲ್ಲಿರಬೇಕು ಅನ್ನೂದು ಬ್ಯಾರೆ ಮಾತು. ವಿಮಾನ ರಾತ್ರಿ ಎಲ್ಲಿ ಮಲಗತೈತಿ, ಮುಂಜಾನೆ ಎಲ್ಲಿಂದ ಏಳತೈತಿ, ಅದನ್ನ ನೋಡ್ತಾರ. ಆ ಊರಾಗ ಪೈಲಟನ ಮನಿ ಇದ್ರ ಹೋಟೆಲ್ ಖರ್ಚಿಲ್ಲ. ಆದ್ರ ಒಂದ್ ಜೋಡಿ ಪೈಲಟ್ ಸಾಕಾಗೂದಿಲ್ಲ. ಒಬ್ಬಂಗ ಜ್ವರ, ಒಬ್ಬಂಗ ರಜಾ, ಒಬ್ಬನ ಹಾರೂ ತಾಸು ಮುಗದಿರತಾವು. ಬದಲಿ ಮಂದಿ ಊರಾಗ ಇರಬೇಕು. ಅಷ್ಟು ಮಂದಿ ಸಣ್ಣ ಊರಿಗೆ ಬರಾಕ ಒಪ್ಪಬೇಕು. ಒಪ್ಪದವರನ್ನ ಕಟ್ಟಿ ತಂದ್ರ ಆರು ತಿಂಗಳಿಗೆ ಬ್ಯಾರೆ ಕಂಪನಿಗೆ ಹಾರಿ ಹೋಗ್ತಾರ."

ನಮ್ಮ ಕಡೆ ಒಂದು ವಿಮಾನ ತಂಗಿಸಬೇಕು, ಹುಬ್ಬಳ್ಳಿಯೋ ಕೊಲ್ಲಾಪುರವೋ ಬೆಳಗಾವಿಯೋ ಎಂದು ಕಂಪನಿ ಯೋಚಿಸುತ್ತಿದ್ದ ಸಮಯ ಅದು. ಬೆಳಗಾವಿಯ ಹೆಸರು ಕೊನೆಯಲ್ಲಿತ್ತು. ಆಗ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಕತ್ತಲಾದ ಮೇಲೆ ಇಳಿಯುವಂತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ವಿಮಾನ ಗೂಡು ಸೇರಬೇಕು. ಸಂಜೆಯ ಒಂದು ಸುತ್ತು ನಷ್ಟ. ಆದರೂ ನೀವು ಪಟ್ಟು ಬಿಡಲಿಲ್ಲ. "ಬರೂ ಪೈಲಟ್‌ಗಳನ್ನ ನಾ ತೋರಸ್ತೇನಿ" ಎಂದು ಕಚೇರಿಗೆ ಹೇಳಿ ಬಂದಿರಿ.

ಆ ದಿನಗಳಲ್ಲಿ ನೀವು ಮದುವೆ ಮಾಡಿಸುವ ಹಿರಿಯರ ಹಾಗೆ ಓಡಾಡಿದಿರಿ. ಪುಣೆಯ ದೇಶಪಾಂಡೆ, ಸಿಕಂದರಾಬಾದಿನ ಇಬ್ಬರು, ಕಾರವಾರ ಕಡೆಯ ನೌಕಾಪಡೆಯವರೊಬ್ಬರು, ಹೀಗೆ ಒಬ್ಬೊಬ್ಬರನ್ನೂ ಹೆಂಡತಿಯೊಂದಿಗೆ ಅರಭಾವಿಗೆ ಕರೆತಂದಿರಿ. ಕಾಕು ರೊಟ್ಟಿ, ಎಣ್ಣೆಗಾಯಿ, ಹಿಂಡಿ, ಕೆನೆಮೊಸರು ಬಡಿಸುವರು. ಊಟವಾದ ಮೇಲೆ ಕಾಲೇಜಿನ ಗುಲಾಬಿ ಸಾಲುಗಳ ನಡುವೆ ತಿರುಗಾಡಿಸುವರು. ನೀವು ಗೋಕಾಕಿನ ಜಲಪಾತ ತೋರಿಸಿ, ಬರುವಾಗ ಕರದಂಟಿನ ಡಬ್ಬಿ ಕೈಗಿಡುವಿರಿ. ದೇಶಪಾಂಡೆಯವರ ಹೆಂಡತಿಯ ಜೊತೆ ಕಾಕು ಮರಾಠಿಯಲ್ಲಿ ಅದೇನು ಮಾತಾಡಿದರೋ, ಆಕೆ ಗಂಡನನ್ನು ಕೇಳದೆಯೇ ಬೆಳಗಾವಿಯಲ್ಲಿ ಬಾಡಿಗೆ ಮನೆ ನೋಡಿಬಿಟ್ಟರು.

ಕೊನೆಗೆ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಶಾಲೆ ಹೇಗಿದೆ, ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದರು. ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕಾಕುವನ್ನೂ ಕೇಳಿದರು, ಈ ಕಡೆ ಸಂಜೆ ಹೊತ್ತು ಹೋಗಲು ಏನಿದೆ ಎಂದು. ಕಾಕು ಚಹಾದ ಕಪ್ಪು ಕೊಡುತ್ತಾ, "ಸಂಜೀಕ ಮನಿಗಿ ಬರೂದೈತ್ರಿ. ನಮಗ ಅದೇ ಇನ್ನೂ ಆಗಿಲ್ಲ" ಎಂದರು. ನೀವು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಅಂಗಳಕ್ಕೆ ಎದ್ದು ಹೋದಿರಿ.

ಆ ದಸರೆಯ ನಂತರ ಬೇಸ್ ಬೆಳಗಾವಿಗೆ ಬಂತು.

ಕಾಕಾ, ಆ ದಿನಗಳಷ್ಟು ಸುಖವಾಗಿ ನಾನು ಮತ್ತೆಂದೂ ಹಾರಿಲ್ಲ. ಯಮಕನಮರಡಿಯ ಡ್ರೈವರ್ ಹನಮಂತ, ಕಂಪನಿಯ ಜೀಪು ತಂದು ಮೂಡಲಗಿಯಲ್ಲಿ ನನ್ನನ್ನು ಹತ್ತಿಸಿಕೊಂಡು ಅರಭಾವಿಗೆ ಬರುತ್ತಿದ್ದ. ಕಾಕು ಗೇಟಿನಲ್ಲಿ ಮೂವರಿಗೂ ಚಹಾ ಕೊಡುತ್ತಿದ್ದರು. ಮುಂಬೈಗೋ ಬೆಂಗಳೂರಿಗೋ ಹೋಗಿಬಂದು ಸಾಂಬ್ರಾದಲ್ಲಿ ಇಳಿದಾಗ ಬಿಸಿಲು ಇನ್ನೂ ಇರುತ್ತಿತ್ತು. ನಮ್ಮ ಅಜ್ಜಿ ಜಿನ್ನವ್ವ ಆಯಿಗೆ ವಿಮಾನದ ಮೇಲೆ ಅಷ್ಟು ದಿನ ಇದ್ದ ಸಿಟ್ಟು ಇಳಿದುಹೋಯಿತು. ನಮ್ಮ ಜೈನ ನೇಮದಂತೆ ಕತ್ತಲಾದ ಮೇಲೆ ಅನ್ನ ಮುಟ್ಟದ ಆಯಿ, "ಈ ವಿಮಾನ ಚಲೋ ಐತಿ. ನಮ್ಮಂಗ ಹೊತ್ತು ಮುಳುಗೂದ್ರಾಗ ಎಲ್ಲಾ ಮುಗಸ್ತೈತಿ" ಎನ್ನುತ್ತಿದ್ದಳು. ನಿಮಗೆ ಹೇಳಿದಾಗ ಜೀಪು ಅಂಕಲಗಿ ದಾಟುವ ತನಕ ನೀವು ನಕ್ಕಿರಿ.

ಕಾಕುವಂತೂ ಹೊಸ ಮದುಮಗಳ ಹಾಗೆ ದೂರು ಹೇಳುತ್ತಿದ್ದರು. "ನೋಡವಾ ಭಕ್ತಿ, ಈ ಮನಶ್ಯಾ ಗೊರಕಿ ಹೊಡೀತಾನ ಅನ್ನೂದ ನಂಗ ಗೊತ್ತಿದ್ದಿಲ್ಲ. ರಜಾದಾಗ ಬಂದಾಗ ಎಲ್ಲಾ ತಡಕೊಂಡಿದ್ನೋ ಏನೋ." ನೀವು ಉಪ್ಪಿನ ಡಬ್ಬಿಯ ಜಾಗ ಬದಲಿಸಿದ್ದಕ್ಕೆ ಇಬ್ಬರಿಗೂ ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಜೀಪಿನಲ್ಲಿ ನೀವು ಅದನ್ನು ಹೇಳಿದಾಗ ನಿಮ್ಮ ಮುಖದಲ್ಲಿ ಬೇಸರವಿರಲಿಲ್ಲ. ಜಗಳವಾಡಲು ಒಂದು ಮನೆ ಸಿಕ್ಕಿದ ಹಿಗ್ಗಿತ್ತು.

ಬೇಸಿಗೆಯಿಂದ ನನ್ನನ್ನು ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂರಿಸಿ ಕ್ಯಾಪ್ಟನ್ ತರಬೇತಿ ಶುರುಮಾಡಿದಿರಿ. ಆಷಾಢದ ಒಂದು ಮಧ್ಯಾಹ್ನ ಸಾಂಬ್ರಾದ ಮೇಲೆ ಮೋಡ ಕೆಳಗಿಳಿದಿತ್ತು. ಗಾಳಿ ಮಗ್ಗುಲಿನಿಂದ ತಳ್ಳುತ್ತಿತ್ತು. ನೀವು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, "ನಾ ಇಲ್ಲಿ ಇಲ್ಲ ಅಂತ ತಿಳಕೊ" ಎಂದಿರಿ. ಒಮ್ಮೆ ಇಳಿಸಲು ಹೋದೆ, ರನ್‌ವೇ ಸರಿಯಾಗಿ ಕಾಣಲಿಲ್ಲ, ಮೇಲೆತ್ತಿದೆ. ಎರಡನೆಯ ಸಲ ಇಳಿಸಿದೆ. ಎಂಜಿನ್ನು ನಿಂತ ಮೇಲೆ ನೀವು ಹೇಳಿದ್ದು ಇಷ್ಟೇ: "ಮೊದಲನೇ ಸಲ ಇಳಸಲಿಲ್ಲ ನೋಡು, ಅದಕ್ಕ ನೀ ಕ್ಯಾಪ್ಟನ್."

ಆ ವಾರವೇ ನೀವು ನಾನು ಸಿದ್ಧಳೆಂದು ಬರೆದು ಕಳಿಸಿದಿರಿ. ಪರೀಕ್ಷೆಯೂ ಆಯಿತು. ಚೆನ್ನೈಯಲ್ಲಿ ಕ್ಯಾಪ್ಟನ್‌ಗಳ ಕೊರತೆಯಿದೆ ಎಂದು ಕಂಪನಿ ನನ್ನನ್ನು ಅಲ್ಲಿಗೆ ಹಾಕಿತು. ಹೊರಡುವ ದಿನ ಅರಭಾವಿಗೆ ಬಂದೆ. ಕಾಕು ಹೋಳಿಗೆ ಮಾಡಿದ್ದರು. ನನ್ನ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತರು. ನಾನು ದೂರ ಹೋಗುವ ದುಃಖ ಎಂದುಕೊಂಡೆ. ನನ್ನ ಭುಜದ ಮೇಲಿನ ಹೊಸ ಪಟ್ಟಿಯ ಸಂಭ್ರಮದಲ್ಲಿ ಅವರ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ನಾನು ಹೋದ ಸ್ವಲ್ಪ ದಿನಕ್ಕೇ ಬೆಳಗಾವಿ ಬೇಸ್ ಮುಚ್ಚಿತು. ವಿಮಾನದ ಎಣ್ಣೆಯ ಬೆಲೆ ಏರಿದೆ, ಅದಕ್ಕೆ ಎಂದರು. ನಂಬಿದೆ. ದೇಶಪಾಂಡೆ ಪುಣೆಗೆ ಹೋದರು, ಉಳಿದವರು ಹೈದರಾಬಾದಿಗೆ. ನಿಮ್ಮನ್ನು ಗುವಾಹಟಿಗೆ ಹಾಕಿದರು. ಫೋನಿನಲ್ಲಿ ನಾನು ಕಂಪನಿಯನ್ನು ಬೈದೆ. "ಅವರ ಲೆಕ್ಕ ಅವರಿಗೆ ಇರತೈತವಾ. ನೀ ನಿನ್ನ ವಿಮಾನ ನೋಡಕೋ" ಎಂದಿರಿ.

ಮುಂದಿನ ಮಳೆಗಾಲದಲ್ಲಿ ಕಾಕು ಕಾಲೇಜಿನ ಹಸಿರುಮನೆಯಲ್ಲಿ ಗಿಡ ನೋಡುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ. ವಿದ್ಯಾರ್ಥಿಗಳೇ ಘಟಪ್ರಭಾಕ್ಕೆ ಕರೆದೊಯ್ದರು, ಅಲ್ಲಿಂದ ಬೆಳಗಾವಿಗೆ. ನೀವು ಗುವಾಹಟಿಯಿಂದ ಕೊಲ್ಕತ್ತಾಕ್ಕೆ, ಅಲ್ಲಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಬೆಳಗಾವಿಯ ವಿಮಾನ ಹೊರಟುಹೋಗಿತ್ತು. ದೇಶವಿಡೀ ವಿಮಾನ ಹಾರಿಸಿದ ನೀವು ಬಸ್ಸಿನಲ್ಲಿ ಬಂದಿರಿ. ಕಾಕು ಕಾಯಲಿಲ್ಲ. ನಾನು ಮಣ್ಣಿಗೂ ತಲುಪಲಿಲ್ಲ, ಮೂರನೆಯ ದಿನ ಬಂದೆ. ನೀವು ಕ್ವಾರ್ಟರ್ಸಿನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಿರಿ. ಮನೆ ಕಾಕುವಿನ ನೌಕರಿಯದು, ಬಿಟ್ಟುಕೊಡಬೇಕಿತ್ತು. ಅಲ್ಲಿಂದ ಹುಕ್ಕೇರಿಗೆ, ತಮ್ಮನ ಮನೆಗೆ ಹೋದಿರಿ. ಮತ್ತೆ ವಿಮಾನ ಹತ್ತಲಿಲ್ಲ.

ಇನ್ನು ನಿನ್ನೆಯ ಮಾತು.

ಹೊಸ ಬೇಸ್ ಎಲ್ಲಿ ಮಾಡಬೇಕು ಎಂಬ ಸಭೆಗೆ ಪೈಲಟ್‌ಗಳ ಪರವಾಗಿ ನನ್ನನ್ನು ಕರೆದಿದ್ದರು. ಊರುಗಳ ಹೆಸರು ಹೇಳುವಾಗ ಬೆಳಗಾವಿಯೂ ಬಂತು. ಅಂದು ನಿಮ್ಮ ಪಡಸಾಲೆಗೆ ಬಂದಿದ್ದ ಅಧಿಕಾರಿ ಈಗ ಅಲ್ಲಿ ದೊಡ್ಡವರು. ನಾನು ನಿಮ್ಮ ಶಿಷ್ಯೆ ಎಂಬುದು ಅವರಿಗೆ ನೆನಪಿತ್ತು. ಆ ಸಲುಗೆಯಿಂದ ನಗುತ್ತಲೇ ಹೇಳಿದರು: "ನಿಮ್ಮ ಗುರು ಹಠಮಾರಿ, ಮೇಡಂ. ನಾವು ಮೊದಲೇ ಹೇಳಿದ್ದೆವು, ಈಗ ಭಕ್ತಿಯನ್ನು ಕ್ಯಾಪ್ಟನ್ ಮಾಡಿ ಬಿಟ್ಟುಕೊಟ್ಟರೆ ಬೆಳಗಾವಿಗೆ ಕಳಿಸಲು ನಮ್ಮಲ್ಲಿ ಬೇರೆ ಸಹಪೈಲಟ್ ಇಲ್ಲ, ಬೇಸ್ ನಡೆಸಲಾಗುವುದಿಲ್ಲ ಅಂತ. ಇನ್ನೂ ಅಭ್ಯಾಸ ಬೇಕು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಹೊಸ ಬ್ಯಾಚು ಬರುವ ತನಕ ತಳ್ಳಬಹುದಿತ್ತು. ಆಕೆ ಸಿದ್ಧ ಇದ್ದಾಳೆ, ಇಲ್ಲ ಅಂತ ಹೇಗೆ ಬರೆಯಲಿ ಅಂದರು. ಹೆಂಡತಿಯನ್ನು ಕೇಳಿ ನಾಳೆ ತಿಳಿಸಿ ಅಂದೆ. ಕೇಳಿಯೇ ಹೇಳುತ್ತಿದ್ದೇನೆ ಅಂದರು."

ಉಳಿದವರು ನಕ್ಕರು.

ಕಾಕುಗೂ ಗೊತ್ತಿತ್ತು. ಗೊತ್ತಿದ್ದೇ ನನಗೆ ಹೋಳಿಗೆ ಬಡಿಸಿದರು.

ಯಾಕೆ ಹೇಳಲಿಲ್ಲ ಕಾಕಾ? ಹೇಳಿದ್ದರೆ ನಾನು ಕಾಯುತ್ತಿದ್ದೆ. ಒಂದು ವರ್ಷವಲ್ಲ, ಎರಡು ವರ್ಷ ಬೇಕಾದರೂ ನಿಮ್ಮ ಬಲಗಡೆಯೇ ಕೂತಿರುತ್ತಿದ್ದೆ. ನಾನು ಹಾಗೆಯೇ ಅನ್ನುತ್ತೇನೆ ಎಂದು ನಿಮಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಇದು ತಿಳಿದ ಮೇಲೂ ಸಮಾಧಾನವಿಲ್ಲ. ರಾತ್ರಿಯಿಂದ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಆ ಸಿಟ್ಟಿಗೆ ನಾಚಿಕೆಯಾಗುತ್ತದೆ. ಬೇಸ್ ಇನ್ನೊಂದು ವರ್ಷ ಬೆಳಗಾವಿಯಲ್ಲೇ ಉಳಿದಿದ್ದರೆ ಕಾಕು ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಅವರು ಎದೆ ಹಿಡಿದುಕೊಂಡ ಆ ಮಧ್ಯಾಹ್ನ ನೀವು ಸಾಂಬ್ರಾದಲ್ಲಿ ಇಳಿದು ಮನೆಯ ದಾರಿಯಲ್ಲಿರುತ್ತಿದ್ದಿರಿ. ಕೈ ಹಿಡಿಯುವಷ್ಟು ಹೊತ್ತಾದರೂ ಸಿಗುತ್ತಿತ್ತು. ನನಗೆ ಸಿಕ್ಕ ಎಡಗಡೆಯ ಸೀಟಿಗೆ ನೀವು ತೆತ್ತದ್ದು ಆ ಹೊತ್ತನ್ನೇ ಎಂದು ನನಗೀಗ ಗೊತ್ತಾಗಿದೆ.

ಸಭೆಯಲ್ಲಿ ನಾನು ಒಂದು ಮಾತು ಕೇಳಿಕೊಂಡೆ. ತರಬೇತಿ ಕೊಡುವವರಿಗೆ ಬೇಸಿನ ಲೆಕ್ಕ ಹೇಳಬೇಡಿ, ಅವರು ಕಲಿಯುವವರ ಕೈಯನ್ನಷ್ಟೇ ನೋಡಲಿ ಎಂದು. ಆಗಲಿ ಎಂದರು, ಚಹಾ ಬಂತು, ಬೇರೆ ಮಾತಿಗೆ ಹೋದರು. ಬೆಳಗಾವಿ ಈ ಸಲವೂ ಆಗಲಿಲ್ಲ. ಈಗಿನ ವಿಮಾನಗಳು ದೊಡ್ಡವು, ಸಂಜೆಯ ಸುತ್ತಿಗೆ ಮಂದಿ ಸಿಗದೆ ಸುಮ್ಮನೆ ನಿಲ್ಲಿಸಿದರೆ ಕಂಪನಿಗೆ ನಷ್ಟ. ನನ್ನನ್ನು ಕೇಳಿದರು. ಬೆಳಗಾವಿ ಬೇಕು ಅನ್ನಲು ಬಾಯಿ ತೆರೆದೆ. ಅಲ್ಲಿಗೆ ಬರಲು ಒಪ್ಪುವ ಪೈಲಟ್‌ಗಳ ಹೆಸರು ಒಂದೂ ನನ್ನ ಬಳಿ ಇರಲಿಲ್ಲ. ಮನೆಮನೆಗೆ ಹೋಗಿ ಅವರನ್ನು ಒಪ್ಪಿಸುವ ನೀವಿರಲಿಲ್ಲ, ಊಟ ಬಡಿಸುವ ಕಾಕು ಇರಲಿಲ್ಲ. ಆಗುವುದಿಲ್ಲ ಎಂದು ನಾನೇ ಹೇಳಿ ಬಂದೆ.

ಮುಂದಿನ ಸೋಮವಾರ ಹುಕ್ಕೇರಿಗೆ ಬರುತ್ತಿದ್ದೇನೆ. ನೀವು ಬೇಡ ಎನ್ನಬೇಡಿ. ಇಷ್ಟು ದಿನ ನಿಮ್ಮ ಮುಂದೆ ಕಾಕುವಿನ ಹೆಸರೆತ್ತಲು ಹೆದರುತ್ತಿದ್ದೆ, ಈ ಸಲ ಎತ್ತುತ್ತೇನೆ. ನಿಮಗೆ ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂತಿರಿ, ನಾನೂ ಕೂತಿರುತ್ತೇನೆ. ಸಂಜೆಯಾದ ಮೇಲೂ ಇರುತ್ತೇನೆ.

ನಿಮ್ಮ ಮೊಣಕಾಲಿನ ನೋವು ಕಡಿಮೆಯಾಗಲಿ. ನಿದ್ದೆ ಚೆನ್ನಾಗಿ ಬರಲಿ. ಕಾಕು ಎಲ್ಲಿದ್ದರೂ ನಿಮ್ಮ ಮೇಲಿನ ದೂರುಗಳನ್ನು ಕೇಳಿಸಿಕೊಳ್ಳುವವರು ಯಾರಾದರೂ ಅವರ ಬಳಿ ಇರಲಿ.

ನೀವು ಸಿದ್ಧಳೆಂದು ಬರೆದ,
ಭಕ್ತಿ