ಟಾಫಿಯ ನಡುಕ

ಬಾತ್‌ವೆಲ್, ಟಾಸ್ಮೇನಿಯ
ಜೂನ್ 24

ಪ್ರೀತಿಯ ನರೆಲ್,

ನೀನೂ ಟಿಲಿಯೂ ಸೌಖ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಬರ್ನಿಯಲ್ಲಿ ಸಮುದ್ರ ಹತ್ತಿರವಿರುವುದರಿಂದ ಚಳಿ ನಮ್ಮಷ್ಟು ಕಚ್ಚಲಿಕ್ಕಿಲ್ಲ. ಇಲ್ಲಿ ಬೆಳಗಾಗುವ ಹೊತ್ತಿಗೆ ಹಗ್ಗದ ಮೇಲಿನ ಟವೆಲ್ ಹಲಗೆಯ ಹಾಗೆ ಸೆಟೆದುಕೊಂಡಿರುತ್ತದೆ. ಹೊಳೆಯಂಚಿನ ಹುಲ್ಲು ಹತ್ತು ಗಂಟೆಯಾದರೂ ಬೆಳ್ಳಗೇ ಇರುತ್ತದೆ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ತಡ ಎಂದರೆ ಎರಡು ವರ್ಷ. ನೀನು ಗ್ಲೆನ್‌ನನ್ನು ಬಿಟ್ಟು ಮಗುವನ್ನು ಕರೆದುಕೊಂಡು ಹೋದ ಮೇಲೆ ಹುಟ್ಟುಹಬ್ಬಕ್ಕೊಂದು ಕಾರ್ಡು ಕಳಿಸಿದ್ದು ಬಿಟ್ಟರೆ ನಾನು ನಿನಗೆ ಒಂದಕ್ಷರ ಬರೆಯಲಿಲ್ಲ. ಈ ತಿಂಗಳ ಮೊದಲಲ್ಲಿ ಫೋನ್ ಮಾಡಿದೆನಲ್ಲ, ಅದೂ ನನ್ನ ಮಗನ ಪರವಾಗಿ ಬೇಡಿಕೊಳ್ಳುವುದಕ್ಕೆ. ಈಗಲೂ ಫೋನ್ ಮಾಡಬಹುದಿತ್ತು. ಆದರೆ ನಾನು ಅತ್ತುಬಿಟ್ಟರೆ ನೀನು ಸಮಾಧಾನ ಹೇಳಲು ಶುರುಮಾಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ನಿನ್ನಿಂದ ಸಮಾಧಾನ ಹೇಳಿಸಿಕೊಳ್ಳುವ ಮುಖ ನನಗಿಲ್ಲ.

ನಾಯಿಯ ವಿಷಯದಿಂದಲೇ ಶುರುಮಾಡುತ್ತೇನೆ. ಟಾಫಿ ನಮ್ಮ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ. ರೇಸಿನಲ್ಲಿ ಓಡಿಸಿ, ಇನ್ನು ಗೆಲ್ಲುವುದಿಲ್ಲ ಎಂದಾಗ ಬಿಟ್ಟುಕೊಡುವ ಗ್ರೇಹೌಂಡ್ ನಾಯಿಗಳಿಗೆ ಮನೆ ಹುಡುಕಿಕೊಡುವವರಿದ್ದಾರೆ. ಅವರಿಂದ ತಂದೆ. ಅವಳ ಕಾರ್ಡಿನ ಜೊತೆ ಕಳಿಸಿದ ಫೋಟೋ ನೋಡಿ ಹೆಸರಿಟ್ಟವಳು ಟಿಲಿಯೇ. ಗ್ಲೆನ್ ಆಗಲೇ ತನ್ನ ಸಾಮಾನು ತಂದು ನನ್ನ ಜೊತೆ ಉಳಿದುಕೊಂಡಿದ್ದ. ಪಕ್ಕದ ಮನೆಯ ಬೆರಿಲ್ ನಿನಗೆ ನೆನಪಿರಬೇಕು, ಮದುವೆಯ ದಿನ ನಿನ್ನ ಕೂದಲು ಕಟ್ಟಿದವಳು. ಬೇಲಿಯ ಮೇಲಿಂದ ಇಣುಕಿ, "ಏನೇ ಮರ್ಲ್, ನಾಯಿ ತಂದ್ಯೋ, ಬಟ್ಟೆ ಒಣಹಾಕೋ ಸ್ಟ್ಯಾಂಡ್ ತಂದ್ಯೋ?" ಎಂದಳು. ಅಷ್ಟು ಬಡಕಲು.

ಈ ಜಾತಿಯ ನಾಯಿಗಳಿಗೆ ಮೈಮೇಲೆ ಕೊಬ್ಬೂ ಇಲ್ಲ, ದಟ್ಟ ತುಪ್ಪಳವೂ ಇಲ್ಲ. ಮೇ ತಿಂಗಳಲ್ಲಿ ನಮ್ಮ ಚಳಿಗಾಲ ಶುರುವಾಗುತ್ತಲೇ ಟಾಫಿ ನಡುಗತೊಡಗಿತು. ನಾನು ಯಾರ್ಯಾರನ್ನೋ ಕೇಳಿ ಒಂದೊಂದಾಗಿ ಎಲ್ಲ ಮಾಡಿದೆ. ಹಾಸಿಗೆಯನ್ನು ನೆಲದಿಂದ ಎತ್ತಿ ಮಣೆಯ ಮೇಲೆ ಹಾಕಿದೆ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಬೆನ್ನಿಗೆ ಒತ್ತಿಟ್ಟೆ. ಊಟವನ್ನು ಅರ್ಧ ಹಿಡಿ ಹೆಚ್ಚಿಸಿ, ಬೆಚ್ಚಗಿನ ಮಾಂಸದ ಸಾರು ಹೊಯ್ದು ಕೊಟ್ಟೆ. ಹೊರಗೆ ಹೋಗಿ ಬಂದರೆ ಪಾದದ ಸಂದಿಯಲ್ಲಿ ಅಂಟಿದ ಮಂಜನ್ನು ಒರೆಸುತ್ತಿದ್ದೆ. ಬೆರಿಲ್ ಕೆಂಪು ಉಣ್ಣೆಯಲ್ಲಿ ಉದ್ದ ಕುತ್ತಿಗೆಯ ಸ್ವೆಟರ್ ಹೆಣೆದುಕೊಟ್ಟಳು. ಗ್ಲೆನ್ ಹೋಬಾರ್ಟಿನಿಂದ ಟಾಫಿಗೆ ಒಳ್ಳೆಯ ರೇನ್‌ಕೋಟು ತಂದ. ಅವನೇ ತಂದ, ನರೆಲ್. ಒಲೆಗೆ ಸೌದೆ ಒಡೆದು ಬಾಗಿಲತನಕ ಪೇರಿಸಿಡುತ್ತಿದ್ದವನೂ ಅವನೇ. ಬೇಕರಿಯ ಮುಂದೆ ನಿಂತವರೆಲ್ಲ, "ಎಂಥಾ ಮಗ ಮಾರಾಯ್ತಿ ನಿಂಗೆ" ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಏನು ಮಾಡಿದರೂ ನಡುಕ ನಿಲ್ಲಲಿಲ್ಲ. ಓಟ್‌ಲೆಂಡ್ಸಿನ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಂಗಸು, ನಾಯಿಯ ಜೊತೆ ನೆಲದ ಮೇಲೇ ಕೂತು ಮೈಯೆಲ್ಲ ಮುಟ್ಟಿ ನೋಡಿದಳು. "ನೀವು ಮಾಡ್ತಿರೋದೆಲ್ಲ ಸರಿಯಾಗೇ ಇದೆ. ಆದ್ರೆ ನೋಡಿ, ಈ ರೂಮಲ್ಲೇನು ಅಂಥಾ ಶಾಖ ಇಲ್ಲ, ಇಲ್ಲಿ ನಡುಗ್ತಾನೇ ಇಲ್ಲ. ಮನೇಲಿ ಯಾವ್ಯಾವಾಗ ನಡುಗುತ್ತೆ ಅಂತ ಸ್ವಲ್ಪ ಗಮನಿಸಿ, ನಂಗೆ ಫೋನ್ ಮಾಡಿ" ಎಂದಳು.

ಹೆಚ್ಚು ದಿನ ಗಮನಿಸಬೇಕಾಗಲಿಲ್ಲ. ಅದೇ ಸಂಜೆ ಟಾಫಿ ಒಲೆಯ ಮುಂದೆ ಕಾಲು ಚಾಚಿ ಮಲಗಿತ್ತು. ಗ್ಲೆನ್‌ನ ಗಾಡಿ ಸೇತುವೆ ದಾಟಿ ನಮ್ಮ ಬೀದಿಗೆ ತಿರುಗಿದ ಸದ್ದು ಕೇಳಿತು. ಕಿವಿ ಹಿಂದಕ್ಕೆ ಹೋಯಿತು, ಬಾಲ ಹೊಟ್ಟೆಗೆ ಅಂಟಿತು, ಎದ್ದು ಹೋಗಿ ಬಟ್ಟೆ ಒಗೆಯುವ ಯಂತ್ರದ ಹಿಂದಿನ ತಣ್ಣನೆಯ ಮೂಲೆ ಸೇರಿ ನಡುಗತೊಡಗಿತು. ಬೆಂಕಿಯ ಮುಂದಿನಿಂದ ಎದ್ದು ಹೋಗಿ! ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ನಾನೇನು ಮಾಡಿದೆ ಗೊತ್ತೇ? ಆ ಮೂಲೆಗೆ ಇನ್ನೊಂದು ಕಂಬಳಿ ಹಾಸಿದೆ. ವೈದ್ಯೆಗೆ ಫೋನ್ ಮಾಡಲಿಲ್ಲ. ಬೆರಿಲ್ ವಿಚಾರಿಸಿದಾಗ, "ಈಗ ಎಷ್ಟೋ ವಾಸಿ ಕಣೇ" ಎಂದೆ.

ರಜೆಗೆ ಟಿಲಿಯನ್ನು ಕಳಿಸು, ಅಪ್ಪನ ಜೊತೆ ನಾಲ್ಕು ದಿನ ಇರಲಿ ಎಂದು ನಿನ್ನನ್ನು ಗೋಗರೆದದ್ದು ಆ ವಾರವೇ. ಗ್ಲೆನ್ ನನ್ನ ಎದುರು ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ನೀನು, "ನೀವು ಮನೇಲೇ ಇರ್ತೀರಲ್ಲ, ಮರ್ಲ್?" ಎಂದು ಕೇಳಿದೆ. "ಇನ್ನೆಲ್ಲಿಗೆ ಹೋಗ್ಲಿ ನಾನು" ಎಂದು ನಕ್ಕೆ. ನೀನು ಒಪ್ಪಿಕೊಂಡೆ. ಆ ನಗು ನೆನೆದರೆ ಈಗ ನನ್ನ ಮೈಯ ಚರ್ಮವೇ ನನಗೆ ಬೇಡ ಅನಿಸುತ್ತದೆ.

ಹೋದ ಗುರುವಾರ ಎಂದಿನಂತೆ ಹೆಣಿಗೆಯ ಗುಂಪಿಗೆಂದು ಚರ್ಚಿನ ಹಾಲಿಗೆ ಹೋದೆ. ಅಲ್ಲಿ ಹೀಟರ್ ಕೆಟ್ಟಿತ್ತು. ಬೆರಳು ಮಡಚಲಾಗದೆ ಎಲ್ಲರೂ ಬೇಗ ಎದ್ದೆವು. ಮನೆಯ ಹಿಂದಿನಿಂದ ಬಂದರೆ ಸೌದೆ ತೆಗೆದುಕೊಂಡೇ ಒಳಗೆ ಹೋಗಬಹುದೆಂದು ಹಿತ್ತಲಿನ ಕಡೆಯಿಂದ ಬಂದೆ.

ಶೆಡ್ಡಿನ ಆಚೆ ಗ್ಲೆನ್‌ನ ದನಿ ಕೇಳಿತು. ಬೈಗುಳವಲ್ಲ. ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದ: "ಯಾಕೆ ಚಿನ್ನ ಹೀಗ್ ಮಾಡ್ತೀಯ? ನೀನ್ ಮಾಡಿದ್ದು ಸರೀನಾ, ಹೇಳು. ನಾನೇನು ಬೇಕು ಅಂತ ಮಾಡ್ತಿದ್ದೀನಾ ಇದನ್ನ? ನೀನೇ ತಾನೇ ಮಾಡಿಸ್ತಿರೋದು."

ಟಾಫಿಯನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಿದ್ದ. ಸ್ವೆಟರ್ ಇಲ್ಲ, ಕೋಟಿಲ್ಲ. ತೋಟಕ್ಕೆ ನೀರು ಬಿಡುವ ಪೈಪನ್ನು ಅದರ ಮೈಮೇಲೆ ಹಿಡಿದು ನಿಂತಿದ್ದ. ಕಾಂಕ್ರೀಟಿನ ಮೇಲೆ ಹರಿದ ನೀರು ನೆರಳಿನ ಕಡೆ ಆಗಲೇ ಗಾಜಿನಂತೆ ಹೆಪ್ಪುಗಟ್ಟಿತ್ತು.

ನನ್ನನ್ನು ನೋಡಿ ಅವನು ಬೆಚ್ಚಲೂ ಇಲ್ಲ. "ಅಯ್ಯೋ, ಬೇಗ ಬಂದ್ಬಿಟ್ಯಾ ಅಮ್ಮ? ಇವ್ಳು ಒಳಗೇ ಉಚ್ಚೆ ಹೊಯ್ದುಬಿಟ್ಳು. ತೊಳೀತಿದ್ದೆ ಅಷ್ಟೆ."

"ನೀರು ನಿಲ್ಸು."

"ನಿಲ್ಲಿಸ್ತೀನಿ ಇರು, ಸ್ವಲ್ಪ ಕಲೀಲಿ."

ನಾನೇ ಹೋಗಿ ನಲ್ಲಿ ತಿರುಗಿಸಿದೆ. ಹಗ್ಗದ ಗಂಟು ಬಿಚ್ಚಲು ಬೆರಳು ಕೇಳಲಿಲ್ಲ, ಹೆಣಿಗೆಯ ಚೀಲದಲ್ಲಿದ್ದ ಕತ್ತರಿಯಿಂದ ಕತ್ತರಿಸಿದೆ. ಟಾಫಿ ಕುಸಿದು ಕೂತಿತು. ಇಷ್ಟು ದಿನ ಗಿಡದ ಎಲೆಯಂತೆ ನಡುಗುತ್ತಿದ್ದ ನಾಯಿ ಆಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಸದ್ಯ, ಅಷ್ಟೇನೂ ಚಳಿ ಹತ್ತಿಲ್ಲ ಎಂದುಕೊಂಡ ಪೆದ್ದಿ ನಾನು. ಕೋಟು ಬಿಚ್ಚಿ ಸುತ್ತಿ, ಕಾರಿಗೆ ಹಾಕಿಕೊಂಡು ಓಟ್‌ಲೆಂಡ್ಸಿಗೆ ಹೊರಟೆ. ಗ್ಲೆನ್ ಗೇಟಿನ ಹತ್ತಿರ ನಿಂತು, "ನಾಯಿಗೋಸ್ಕರ ಇಷ್ಟೊಂದು ನಾಟಕಾನಾ?" ಎಂದ.

ಚಳಿ ಮಿತಿ ಮೀರಿದಾಗಲೇ ನಡುಕ ನಿಲ್ಲುವುದಂತೆ. ಪಶುವೈದ್ಯೆ ಹಾಗೆ ಹೇಳುತ್ತಲೇ ಕೆಲಸ ಶುರುಮಾಡಿದಳು. ಒಣ ಟವೆಲ್‌ಗಳು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳು, ಕಂಬಳಿ, ಎಲ್ಲ ನಿಧಾನವಾಗಿ. ಜೋರಾಗಿ ಉಜ್ಜಬಾರದು, ಬೆಂಕಿಯ ಮುಂದೆ ತಟ್ಟನೆ ಇಡಬಾರದು. ಅಷ್ಟೆಲ್ಲ ಮಾಡುತ್ತಲೇ ಅವಳು ಕೇಳಿದಳು, "ಇಷ್ಟು ಒದ್ದೆ ಹೇಗಾಯ್ತು?"

"ಕೈತಪ್ಪಿ ಹೊಳೆಗೆ ಬಿದ್ಬಿಡ್ತು" ಎಂದೆ.

ಬಾಯಿ ತೆಗೆದರೆ ಮೊದಲು ಬಂದದ್ದೇ ಸುಳ್ಳು, ನರೆಲ್. ಯೋಚಿಸಿ ಹೇಳಿದ್ದಲ್ಲ, ಅಷ್ಟು ಅಭ್ಯಾಸವಾಗಿದೆ. ಅವಳು ಟಾಫಿಯ ಕುತ್ತಿಗೆಯ ಸುತ್ತ ಹಗ್ಗ ಕೊರೆದ ಗುರುತನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಟವೆಲ್ ಕೈಗೆತ್ತಿಕೊಂಡಳು. ಬಹಳ ಹೊತ್ತಾದ ಮೇಲೆ ಕಂಬಳಿಯ ಒಳಗಿಂದ ನಡುಕ ಶುರುವಾಯಿತು. "ಬಂತು, ಬಂತು! ಇದು ಒಳ್ಳೇದು. ಮೈ ತಾನಾಗೇ ಶಾಖ ಮಾಡ್ಕೊಳ್ತಿದೆ" ಎಂದು ಅವಳು ನಗುತ್ತಾ ಹೇಳಿದಳು. ನಾನು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಆಮೇಲೆ ಮುಖ ಒರೆಸಿಕೊಂಡು ವಾಪಸು ಒಳಗೆ ಹೋಗಿ, "ಹೊಳೆಗೆ ಬಿದ್ದಿದ್ದಲ್ಲ. ನನ್ ಮಗ ಮಾಡಿದ್ದು" ಎಂದೆ. ಅಲ್ಲಿ ಬೆಕ್ಕಿನ ಬುಟ್ಟಿ ಹಿಡಿದುಕೊಂಡ ಇಬ್ಬರು ಕೂತಿದ್ದರು. ಅವರಿಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದೆ.

ಮನೆಗೆ ಬಂದು ಗ್ಲೆನ್‌ಗೆ ಹೊರಡಲು ಹೇಳಿದೆ. "ಇಂಥಾ ಚಳೀಲಿ ನನ್ನನ್ನ ಹೊರಗೆ ಹಾಕ್ತೀಯಾ?" ಎಂದ. ಹೌದು ಎಂದೆ. ಅವನು ಹ್ಯಾಮಿಲ್ಟನ್‌ನಲ್ಲಿರುವ ಗೆಳೆಯನ ಮನೆಗೆ ಹೋದ. ಪಶುವೈದ್ಯೆ ಕೊಟ್ಟ ದೂರನ್ನು ವಿಚಾರಿಸುವವರು ಬಂದು ನನ್ನ ಹೇಳಿಕೆ ಬರೆದುಕೊಂಡು ಹೋದರು. ಬೆರಿಲ್ ಬಂದು ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂತಿದ್ದಳು.

ಈಗ ಈ ಪತ್ರ ಬರೆದ ಕಾರಣ. ಟಿಲಿಯನ್ನು ಕಳಿಸಬೇಡ. ರಜೆಗೂ ಬೇಡ, ಒಂದು ದಿನದ ಮಟ್ಟಿಗೂ ಬೇಡ, ನಾನು ಮತ್ತೆ ಫೋನ್ ಮಾಡಿ ಅತ್ತು ಕರೆದರೂ ಬೇಡ. ಅವನು ಬದಲಾಗಿದ್ದಾನೆ ಎಂದು ಯಾರು ಹೇಳಿದರೂ, ನಾನೇ ಹೇಳಿದರೂ ನಂಬಬೇಡ. ನಿನ್ನ ವಕೀಲೆ ಕೇಳಿದರೆ ನಾನು ಕಂಡದ್ದನ್ನೆಲ್ಲ ಬಂದು ಹೇಳುತ್ತೇನೆ. ಅವನ ಎದುರೇ ಹೇಳುತ್ತೇನೆ. ಮಗುವನ್ನು ನೋಡಬೇಕೆಂದು ನನಗೆ ಆಸೆಯಿದೆ. ನೀನು ಬಾ ಎಂದರೆ ಬಸ್ಸು ಹಿಡಿದು ಬರ್ನಿಗೆ ಬಂದು, ನೀನು ಹೇಳಿದ ಜಾಗದಲ್ಲಿ, ನಿನ್ನ ಕಣ್ಣೆದುರು ಅರ್ಧ ಗಂಟೆ ಕೂತು ಹೋಗುತ್ತೇನೆ. ಬೇಡ ಎಂದರೆ ಬರುವುದಿಲ್ಲ. ಕಾರಣ ಕೇಳುವುದೂ ಇಲ್ಲ.

ಟಾಫಿ ಈಗ ಸೋಫಾದ ಮೇಲೆ ನಾಲ್ಕು ಕಾಲೂ ಮೇಲೆ ಮಾಡಿ ನಿದ್ದೆ ಹೊಡೆಯುತ್ತಿದೆ. ನನಗೆ ಕೂರಲು ಜಾಗವಿಲ್ಲ. ಟಿಲಿಗೆ ಅಷ್ಟನ್ನು ಮಾತ್ರ ಹೇಳು, ಉಳಿದದ್ದು ಅವಳಿಗೆ ಈಗ ಬೇಡ. ಅವಳು ಸಾಕಿರುವ ಗಿನಿಪಿಗ್‌ಗಳ ಗೂಡನ್ನು ಜಗುಲಿಯಿಂದ ಒಳಗೆ ತಂದಿಡಲಿ. ಒಣಹುಲ್ಲನ್ನು ಅವು ಮುಳುಗುವಷ್ಟು ತುಂಬಲಿ. ನೀರಿನ ಬಾಟಲಿಯ ಕೊಳವೆಯಲ್ಲಿ ಮಂಜು ಕಟ್ಟಿದೆಯೋ ಎಂದು ಬೆಳಿಗ್ಗೆ ಬೆರಳಿಟ್ಟು ನೋಡಲಿ.

ನೀನು ಆ ಮಗುವನ್ನು ಈ ಮನೆಯಿಂದ ದೂರ ಒಯ್ದು ಬೆಳೆಸುತ್ತಿರುವುದನ್ನು ದೇವರು ನೋಡುತ್ತಿದ್ದಾನೆ. ನಿನ್ನ ಮನೆಯ ಒಲೆ ಆರದಿರಲಿ, ನಿಮ್ಮಿಬ್ಬರ ನಿದ್ದೆಗೆ ಯಾವ ಭಂಗವೂ ಬಾರದಿರಲಿ. ನನ್ನಿಂದ ಹರಸಿಸಿಕೊಳ್ಳಲು ನಿನಗೆ ಮನಸ್ಸಿಲ್ಲದಿದ್ದರೂ ಮಗುವಿನ ಪಾಲಿಗಾದರೂ ಇದಿರಲಿ.

ನಿನ್ನ
ಮರ್ಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನಿನ್ನೆ ಗ್ಲೆನ್ ಉಳಿದ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ. ಚೀಲಗಳನ್ನು ಗೇಟಿನ ಹೊರಗಿಟ್ಟು, ನಿನಗೆ ಬರೆಯುತ್ತೇನೆ ಎಂದು ಹೇಳಿದೆ. ಅವನು ನಕ್ಕುಬಿಟ್ಟ. "ಅವತ್ತು ಬಟ್ಟೆ ಒಗೆಯೋ ಕೋಣೇಲಿ ನರೆಲ್ ತೋಳ್ ಮೇಲಿನ ಬಾಸುಂಡೆ ತೋರ್ಸಿದಾಗ, ನನ್ ಮಗ ಅಂಥವನಲ್ಲ ಅಂದ್ಯಲ್ಲ ಅಮ್ಮ. ಹೆಂಗಸೊಬ್ಳು ಬಾಯಿಬಿಟ್ಟು ಹೇಳಿದ್ದನ್ನ ನಂಬ್ಲಿಲ್ಲ. ಈಗ ನಾಯಿ ಹೇಳಿದ್ರೆ ನಂಬ್ತೀಯಾ?" ಎಂದ. ನಾನು ಗೇಟಿನ ಚಿಲಕ ಹಾಕಿ ಒಳಗೆ ಬಂದೆ.

ನಮ್ಮಿಬ್ಬರ ನಡುವೆ ನಡೆದ ಆ ಮಾತು ಅವನಿಗೆ ಹೇಗೆ ಗೊತ್ತು ಎಂದು ನೀನು ಕೇಳಬಹುದು. ಆ ಸಂಜೆ ನಿಮ್ಮ ಮನೆಯಲ್ಲೇ, ನೀನು ಟಿಲಿಗೆ ಸ್ನಾನ ಮಾಡಿಸುತ್ತಿದ್ದಾಗ, ನಾನೇ ಅವನಿಗೆ ಹೇಳಿದ್ದೆ. ಹೇಳಿ, ಬ್ಯಾಗು ತೆಗೆದುಕೊಂಡು ನನ್ನ ಮನೆಗೆ ಬಂದುಬಿಟ್ಟೆ. ಆ ರಾತ್ರಿ ನಿನಗೇನಾಯಿತು ಎಂದು ನಾನು ಈವರೆಗೂ ಕೇಳಿಲ್ಲ.